ಪತ್ರಿಕೋದ್ಯಮ ಪ್ರಶಸ್ತಿಗಳು: ಕನ್ನಡದ ವರದಿಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ವರದಿ ಮಾಡಿಯೂ ಅರ್ಜಿಯ ಹಂತದಲ್ಲೇ ಬಿದ್ದುಹೋಗುವವರು ನಮ್ಮ ಜಿಲ್ಲೆ, ತಾಲ್ಲೂಕುಗಳಲ್ಲಿ ಬಹಳ ಮಂದಿ. ಕೆಲಸದಲ್ಲಿ ಕೊರತೆ ಇರುವುದಿಲ್ಲ, ಕಳಿಸಿದ ಕಡತದಲ್ಲಿ ಇರುತ್ತದೆ: ದಿನಾಂಕ ಇಲ್ಲದ ಕಟಿಂಗ್, ತೆರೆಯದ ಲಿಂಕ್, ಅರ್ಥವಾಗದ ಅನುವಾದ. ಇಲ್ಲಿನ ಉತ್ತರಗಳು ಮುಖ್ಯವಾಗಿ ಅವರಿಗಾಗಿ.

ಕನ್ನಡದಲ್ಲಿ ಬರೆಯುವವರಿಗೆ ಯಾವ ಯಾವ ಪ್ರಶಸ್ತಿಗಳಿವೆ?

ರಾಜ್ಯದಲ್ಲಿ ಮೊದಲು ನೋಡಬೇಕಾದದ್ದು ಕರ್ನಾಟಕ ಮಾಧ್ಯಮ ಅಕಾಡೆಮಿ. ಹಳಬರು ಪತ್ರಿಕಾ ಅಕಾಡೆಮಿ ಎನ್ನುವುದು ಇದನ್ನೇ. ಇದರ ವಾರ್ಷಿಕ ಪ್ರಶಸ್ತಿ ಒಟ್ಟಾರೆ ಸೇವೆಯನ್ನು ನೋಡಿ ಕೊಡುವಂಥದ್ದು. ದಾನಿಗಳು ಇಟ್ಟ ನಿಧಿಯಿಂದ ಕೊಡುವ ದತ್ತಿ ಪ್ರಶಸ್ತಿಗಳು ಹಾಗಲ್ಲ, ಒಂದು ಬರಹವನ್ನೋ ಒಂದು ಪತ್ರಿಕೆಯನ್ನೋ ಗುರುತಿಸುತ್ತವೆ. ಜಿಲ್ಲಾ ಮಟ್ಟದ ಪತ್ರಿಕೆಗೆ ಆಂದೋಲನ ಪ್ರಶಸ್ತಿ, ಸಾಮಾಜಿಕ ಸಮಸ್ಯೆ ಕುರಿತ ಲೇಖನಕ್ಕೆ ಅಭಿಮಾನಿ ಪ್ರಶಸ್ತಿ, ಮಾನವೀಯ ಕಳಕಳಿಯ ವರದಿಗೆ ಮೈಸೂರು ದಿಗಂತ ಪ್ರಶಸ್ತಿ, ಸಿನಿಮಾ ಬರಹಕ್ಕೆ ಅರಗಿಣಿ ಪ್ರಶಸ್ತಿ ಹೀಗೆ. ಹೊಸಬರು ಕಣ್ಣಿಡಬೇಕಾದದ್ದು ಈ ದತ್ತಿ ಪ್ರಶಸ್ತಿಗಳ ಮೇಲೆ. ಇಪ್ಪತ್ತು ವರ್ಷದ ಅನುಭವ ಇಲ್ಲದಿದ್ದರೂ ಒಂದು ಗಟ್ಟಿ ವರದಿ ಇದ್ದರೆ ಸಾಕು.

ರಾಜ್ಯ ಸರ್ಕಾರವೇ ಕೊಡುವವು ಬೇರೆ. ಪ್ರಜಾವಾಣಿ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾವ್ ಅವರ ಹೆಸರಿನ ಟಿಎಸ್‌ಆರ್ ಪ್ರಶಸ್ತಿ, ಸಂಯುಕ್ತ ಕರ್ನಾಟಕದ ಮೊಹರೆ ಹಣಮಂತರಾಯರ ಹೆಸರಿನ ಪ್ರಶಸ್ತಿ, ಅಭಿವೃದ್ಧಿ ಮತ್ತು ಪರಿಸರ ಪತ್ರಿಕೋದ್ಯಮ ಪ್ರಶಸ್ತಿಗಳು ಈ ಸಾಲಿನವು. ಕಾರ್ಯನಿರತ ಪತ್ರಕರ್ತರ ಸಂಘ ರಾಜ್ಯ ಮಟ್ಟದಲ್ಲಿ ಕೊಡುತ್ತದೆ, ಜಿಲ್ಲಾ ಘಟಕಗಳೂ ಕೊಡುತ್ತವೆ. ದಕ್ಷಿಣ ಕನ್ನಡದಲ್ಲಿ ಪದ್ಯಾಣ ಗೋಪಾಲಕೃಷ್ಣರ ಹೆಸರಿನ ಪ.ಗೋ. ಪ್ರಶಸ್ತಿ ಗ್ರಾಮೀಣ ವರದಿಗೇ ಮೀಸಲು. ತಾಲ್ಲೂಕು ಸಂಘಗಳ ಸನ್ಮಾನಗಳು ಬಹುಪಾಲು ಜುಲೈ ತಿಂಗಳ ಪತ್ರಿಕಾ ದಿನಾಚರಣೆಯ ಹೊತ್ತಿಗೆ ಬರುತ್ತವೆ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರು ಸಮಾಚಾರ ಹೊರತಂದ ದಿನ ಅದು.

ದೇಶದ ಮಟ್ಟದಲ್ಲಿ ರಾಮನಾಥ್ ಗೋಯೆಂಕಾ ಪ್ರಶಸ್ತಿಗಳಲ್ಲಿ ಪ್ರಾದೇಶಿಕ ಭಾಷೆಗಳಿಗೆ ಪ್ರತ್ಯೇಕ ವಿಭಾಗ ಇದೆ. ಭಾರತೀಯ ಪತ್ರಿಕಾ ಮಂಡಳಿಯ ರಾಷ್ಟ್ರೀಯ ಪ್ರಶಸ್ತಿಗಳು ನವೆಂಬರ್ 16ರ ರಾಷ್ಟ್ರೀಯ ಪತ್ರಿಕಾ ದಿನದ ಜತೆಗೆ ಬೆಸೆದುಕೊಂಡಿವೆ. ಮೀಡಿಯಾ ಫೌಂಡೇಶನ್ನಿನ ಚಮೇಲಿ ದೇವಿ ಜೈನ್ ಪ್ರಶಸ್ತಿ ಪತ್ರಕರ್ತೆಯರಿಗೆ. ಲಿಂಗ ಸಂವೇದನೆಯ ವರದಿಗಳಿಗೆ ಲಾಡ್ಲಿ ಪ್ರಶಸ್ತಿ, ಹಳ್ಳಿಗಾಡಿನ ವರದಿಗೆ ಸ್ಟೇಟ್ಸ್‌ಮನ್ ಪ್ರಶಸ್ತಿ ಇವೆ. ಗ್ರಾಮೀಣ ವರದಿಗೆಂದೇ ಇರುವ ವಿಭಾಗಗಳಿಗೆ ನಮ್ಮ ತಾಲ್ಲೂಕು ವರದಿಗಾರರು ಕಳಿಸುವುದೇ ಕಡಿಮೆ. ಅಲ್ಲಿ ಸ್ಪರ್ಧಿಸಲು ಅವರಿಗಿಂತ ಹಕ್ಕುಳ್ಳವರು ಯಾರಿದ್ದಾರೆ?

ಅರ್ಜಿ ಹಾಕಿಕೊಂಡು ಪ್ರಶಸ್ತಿ ಪಡೆಯುವುದು ಸರಿಯೇ? ಅವರೇ ಗುರುತಿಸಬೇಕಲ್ಲವೇ?

ಎರಡು ಬಗೆ ಇದೆ. ಜೀವಮಾನದ ಸಾಧನೆಗೆ ಕೊಡುವುದು ಒಂದು. ಅದಕ್ಕೆ ತಾನೇ ಅರ್ಜಿ ಹಾಕಿಕೊಳ್ಳುವುದು ಶೋಭೆ ತರುವುದಿಲ್ಲ, ಸಾಮಾನ್ಯವಾಗಿ ಬೇರೆಯವರು ಹೆಸರು ಸೂಚಿಸುತ್ತಾರೆ. ಒಂದು ವರ್ಷದ ಒಂದು ವರದಿಗೆ ಕೊಡುವುದು ಇನ್ನೊಂದು. ಇದರಲ್ಲಿ ಪತ್ರಿಕೆಯೋ ವರದಿಗಾರರೋ ಕಳಿಸದೆ ಯಾರ ಗಮನಕ್ಕೂ ಬರುವುದಿಲ್ಲ. ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯೂ ಅರ್ಜಿ, ಶುಲ್ಕ, ದಾಖಲೆ ಎಲ್ಲ ಕೇಳಿಯೇ ನಡೆಯುತ್ತದೆ. ಬೀದರ್ ಆವೃತ್ತಿಯ ಮೂರನೇ ಪುಟದಲ್ಲಿ ಬಂದ ವರದಿಯನ್ನು ದೆಹಲಿಯ ತೀರ್ಪುಗಾರರು ತಾವಾಗಿ ಹುಡುಕಿ ಓದುತ್ತಾರೆ ಎಂದು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಇದರಲ್ಲಿ ಸಂಕೋಚ ಬೇಡ.

ಯಾವ ಅವಧಿಯ ವರದಿ ಕಳಿಸಬಹುದು?

ಹೆಚ್ಚಿನವು ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಕ್ಯಾಲೆಂಡರ್ ವರ್ಷವನ್ನು ಹಿಡಿಯುತ್ತವೆ. ಕೆಲವು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಹಾಕುತ್ತವೆ. ಪ್ರಕಟಣೆಯಲ್ಲಿ ಈ ಸಾಲನ್ನು ಎರಡು ಸಲ ಓದಿ, ಏಕೆಂದರೆ ಅರ್ಹತೆ ಪರಿಶೀಲಿಸುವವರು ಮೊದಲು ನೋಡುವುದು ಅದನ್ನೇ. ವರದಿ ಓದುವ ತೀರ್ಪುಗಾರರ ಕೈಗೆ ಕಡತ ಹೋಗುವುದು ಆಮೇಲೆ.

ತೊಡಕು ಬರುವುದು ವರ್ಷದ ಕೊನೆಯಲ್ಲಿ. ಡಿಸೆಂಬರ್ 31ರ ರಾತ್ರಿ ವೆಬ್‌ಸೈಟಿನಲ್ಲಿ ಬಂದು ಜನವರಿ 1ರ ಮುದ್ರಿತ ಪತ್ರಿಕೆಯಲ್ಲಿ ಬಂದ ವರದಿಯ ದಿನಾಂಕ ಯಾವುದು? ಮುದ್ರಣ ವಿಭಾಗಕ್ಕೆ ಕಳಿಸುತ್ತಿದ್ದರೆ ಪುಟದಲ್ಲಿ ಪತ್ರಿಕೆಯ ಹೆಸರಿನ ಪಕ್ಕದ ದಿನಾಂಕವೇ ಪ್ರಮಾಣ. ವರದಿಯ ಮೊದಲ ಸಾಲಿನಲ್ಲಿ ‘ಹಾವೇರಿ, ಡಿ. 31’ ಎಂದಿದ್ದರೂ ಅದು ಲೆಕ್ಕಕ್ಕಿಲ್ಲ. ಸರಣಿಯೊಂದು ಎರಡು ವರ್ಷಕ್ಕೆ ಹರಡಿಕೊಂಡಿದ್ದರೆ, ನಿಯಮದಲ್ಲಿ ಏನೂ ಹೇಳಿಲ್ಲದಿದ್ದರೆ, ಆಯೋಜಕರಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ, ಆ ಉತ್ತರವನ್ನು ಅರ್ಜಿಯ ಜತೆ ಇಡಿ. ಫೋನಿನಲ್ಲಿ ಸಿಕ್ಕ ಭರವಸೆ ಕಡತದಲ್ಲಿ ಇರುವುದಿಲ್ಲ.

ವರದಿಗೆ ನನ್ನ ಬೈಲೈನ್ (ವರದಿಗಾರರ ಹೆಸರಿನ ಸಾಲು) ಇಲ್ಲ. ಕಳಿಸಬಹುದೇ?

ಕಳಿಸಬಹುದು, ಸಂಪಾದಕರ ಪತ್ರ ಬೇಕು. ಕನ್ನಡ ದಿನಪತ್ರಿಕೆಗಳಲ್ಲಿ ಜಿಲ್ಲೆಯ ಸುದ್ದಿ ಬಹುಪಾಲು ‘ನಮ್ಮ ವರದಿಗಾರರಿಂದ’ ಎಂದೋ ಪತ್ರಿಕೆಯ ಹೆಸರಿನಲ್ಲೋ ಹೋಗುತ್ತದೆ. ಅರೆಕಾಲಿಕ ವರದಿಗಾರರಿಗಂತೂ ಬೈಲೈನ್ ಸಿಗುವುದೇ ಅಪರೂಪ. ಹಾಗಾಗಿ ಲೆಟರ್‌ಹೆಡ್ ಮೇಲೆ, ಸಹಿ ಮತ್ತು ಮೊಹರಿನೊಂದಿಗೆ, ವರದಿಯ ಶೀರ್ಷಿಕೆ, ದಿನಾಂಕ, ಪುಟ ಸಂಖ್ಯೆ, ಆವೃತ್ತಿ ನಮೂದಿಸಿ ‘ಈ ವರದಿಯನ್ನು ಸಿದ್ಧಪಡಿಸಿದವರು ಇಂಥವರು’ ಎಂದು ಬರೆಸಿಕೊಳ್ಳಬೇಕು. ‘ಇವರು ನಮ್ಮ ಪತ್ರಿಕೆಯ ವರದಿಗಾರರು’ ಎಂದಷ್ಟೇ ಇರುವ ಪತ್ರ ಉಪಯೋಗಕ್ಕೆ ಬರುವುದಿಲ್ಲ. ಅದು ಉದ್ಯೋಗವನ್ನು ತೋರಿಸುತ್ತದೆ, ಕರ್ತೃತ್ವವನ್ನಲ್ಲ.

ಈ ಪತ್ರವನ್ನು ಕೊನೆಯ ದಿನದವರೆಗೆ ಮುಂದೂಡಬೇಡಿ. ಸ್ಥಾನಿಕ ಸಂಪಾದಕರು ಬದಲಾಗುತ್ತಾರೆ, ಬ್ಯೂರೊ ಮುಖ್ಯಸ್ಥರು ಬೇರೆ ಪತ್ರಿಕೆಗೆ ಹೋಗುತ್ತಾರೆ. ದೊಡ್ಡ ವರದಿ ಪ್ರಕಟವಾದ ವಾರದಲ್ಲೇ, ಎಲ್ಲರಿಗೂ ಅದು ನೆನಪಿರುವಾಗಲೇ, ಪತ್ರ ಕೇಳಿ ಪಡೆಯಿರಿ. ಸಣ್ಣ ಜಿಲ್ಲಾ ಪತ್ರಿಕೆಯವರಾದರೆ ಪತ್ರಿಕೆಯ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟುಕೊಂಡಿರಿ, ಅದನ್ನು ಕೇಳುವ ಸಂಸ್ಥೆಗಳಿವೆ.

ಕಟಿಂಗ್ ಹೇಗಿರಬೇಕು?

ಇಡೀ ಪುಟ ಬೇಕು. ಇಷ್ಟು ಸರಳವಾದ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ನಾವು ಸುದ್ದಿಯನ್ನು ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ ಜೆರಾಕ್ಸ್ ಮಾಡಿಸುತ್ತೇವೆ. ಪತ್ರಿಕೆಯ ಹೆಸರು, ದಿನಾಂಕ, ಪುಟ ಎಲ್ಲ ಕತ್ತರಿಗೆ ಹೋಗಿರುತ್ತದೆ. ಪೆನ್ನಿನಲ್ಲಿ ಬರೆದ ದಿನಾಂಕವನ್ನು ಯಾರೂ ಪುರಾವೆ ಎಂದು ಒಪ್ಪಬೇಕಾಗಿಲ್ಲ.

ಕ್ರಮ ಹೀಗಿರಲಿ. ಇ-ಪೇಪರಿನಿಂದ ಇಡೀ ಪುಟವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಅದರಲ್ಲಿ ನಿಮ್ಮ ವರದಿಯ ಸುತ್ತ ತೆಳುವಾದ ಕೆಂಪು ಚೌಕಟ್ಟು ಹಾಕಿ. ಅಕ್ಷರಗಳ ಮೇಲೆ ಹಳದಿ ಬಣ್ಣ ಬಳಿಯಬೇಡಿ, ಕಪ್ಪು ಬಿಳುಪಿನಲ್ಲಿ ಮುದ್ರಿಸಿದಾಗ ಅದು ಬೂದು ಮಸಿಯಾಗುತ್ತದೆ. ಎರಡನೇ ಪುಟವಾಗಿ ವರದಿಯನ್ನು ಮಾತ್ರ ದೊಡ್ಡದು ಮಾಡಿ ಇಡಿ. ಮುಖಪುಟದಲ್ಲಿ ಶುರುವಾಗಿ ಒಳಪುಟದಲ್ಲಿ ಮುಂದುವರಿದಿದ್ದರೆ ಎರಡೂ ಪುಟ ಬೇಕು. ಮುಂದುವರಿದ ಭಾಗವನ್ನು ಮರೆತು ಅರ್ಧ ವರದಿ ಕಳಿಸಿದವರು ಉಂಟು. ಮುದ್ರಿತ ಪ್ರತಿಯನ್ನು ಫೋನಿನಲ್ಲಿ ಫೋಟೊ ತೆಗೆದು ಕಳಿಸುವುದೇ ಗತಿ ಎಂದಾದರೆ ಹಗಲು ಬೆಳಕಿನಲ್ಲಿ, ಪುಟವನ್ನು ಹಾಸಿ, ನೇರ ಮೇಲಿನಿಂದ ತೆಗೆಯಿರಿ. ಮಡಿಕೆಯ ಗೆರೆಯ ಮೇಲಿನ ಎರಡು ಸಾಲು ಯಾವಾಗಲೂ ಮುಖ್ಯವಾದ ಸಾಲೇ ಆಗಿರುತ್ತದೆ.

ಹಲವು ಇ-ಪೇಪರುಗಳು ಹಳೆಯ ಸಂಚಿಕೆಗಳನ್ನು ಸ್ವಲ್ಪ ಕಾಲದ ನಂತರ ತೆಗೆದುಬಿಡುತ್ತವೆ ಅಥವಾ ಚಂದಾದಾರರಿಗೆ ಮಾತ್ರ ತೋರಿಸುತ್ತವೆ. ಆದ್ದರಿಂದ ಪಿಡಿಎಫನ್ನು ಪ್ರಕಟವಾದ ದಿನವೇ ಇಳಿಸಿ, ಕಡತಕ್ಕೆ ವರ್ಷ, ತಿಂಗಳು, ದಿನ, ಪತ್ರಿಕೆ, ಪುಟ ಎಂಬ ಕ್ರಮದಲ್ಲಿ ಹೆಸರಿಡಿ. ‘ನ್ಯೂಸ್ ಫೈನಲ್ 2’ ಎಂಬ ಹೆಸರಿನ ಕಡತ ಆರು ತಿಂಗಳ ಮೇಲೆ ನಿಮಗೇ ಸಿಗುವುದಿಲ್ಲ.

ಕನ್ನಡ ಅಕ್ಷರ ಆನ್‌ಲೈನ್ ಅರ್ಜಿಯಲ್ಲಿ ಕಲಸುಮೇಲೋಗರ ಆಗುತ್ತದೆ. ಏನು ಮಾಡಬೇಕು?

ಪುಟ ವಿನ್ಯಾಸಕ್ಕೆ ಬಳಸುವ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ. ಇ-ಪೇಪರ್ ಪಿಡಿಎಫ್‌ನಿಂದ ಪ್ರತಿ ಮಾಡಿ ಅಂಟಿಸಿದರೆ ರೋಮನ್ ಅಕ್ಷರ, ಚಿಹ್ನೆಗಳ ಗುಡ್ಡೆ ಬೀಳುತ್ತದೆ. ಡೆಸ್ಕಿಗೆ (ಸುದ್ದಿ ತಿದ್ದುವ ವಿಭಾಗಕ್ಕೆ) ನೀವು ಕಳಿಸಿದ ಮೂಲ ಪ್ರತಿ ಯೂನಿಕೋಡಿನಲ್ಲಿದ್ದರೂ ಅದನ್ನು ಅಂಟಿಸಬೇಡಿ, ಏಕೆಂದರೆ ಡೆಸ್ಕ್ ತಿದ್ದಿದ ಮೇಲೆ ಪ್ರಕಟವಾದದ್ದೇ ಅಧಿಕೃತ. ಎರಡರ ನಡುವೆ ವ್ಯತ್ಯಾಸ ಕಂಡರೆ ಅನುಮಾನ ಬರುತ್ತದೆ. ಪ್ರಕಟಿತ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಆಮೇಲೆ ಸಾಲು ಸಾಲಾಗಿ ಓದಿ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ಬದಲಿಸುವುದು ಸಾಮಾನ್ಯ. ಅಂಕಿಗಳನ್ನೂ ನೋಡಿ. ‘1.5 ಕೋಟಿ’ಯ ಚುಕ್ಕಿ ಬಿದ್ದುಹೋದರೆ ಇಡೀ ವರದಿಯ ಮಾನ ಹೋಗುತ್ತದೆ.

ಇಂಗ್ಲಿಷ್ ಅನುವಾದ ಯಾರಿಂದ ಮಾಡಿಸಬೇಕು? ಎಷ್ಟು ಬೇಕು?

ರಾಷ್ಟ್ರೀಯ ಪ್ರಶಸ್ತಿಗಳು ಸಾಮಾನ್ಯವಾಗಿ ಪೂರ್ತಿ ಅನುವಾದ ಕೇಳುತ್ತವೆ. ಸಾರಾಂಶ ಸಾಲದು. ಆಯ್ಕೆ ಸಮಿತಿಯಲ್ಲಿ ಕನ್ನಡ ಬಲ್ಲವರು ಇಲ್ಲದಿದ್ದರೆ ನಿಮ್ಮ ವರದಿ ಎಂದರೆ ಆ ಅನುವಾದವೇ. ಯಂತ್ರಾನುವಾದವನ್ನು ಮೊದಲ ಕರಡಿಗೆ ಬಳಸಬಹುದು, ಹಾಗೇ ಕಳಿಸಿದರೆ ಕೆಟ್ಟಿತು. ಊರಿನ ಹೆಸರು, ವ್ಯಕ್ತಿಯ ಹೆಸರನ್ನೇ ಅದು ಅನುವಾದ ಮಾಡಿಬಿಡುತ್ತದೆ. ‘ಹೊಸಹಳ್ಳಿ’ ಊರಾಗಿ ಉಳಿಯದೆ ‘ಹೊಸದೊಂದು ಹಳ್ಳಿ’ಯಾಗಿ ಹೋದದ್ದನ್ನು ಓದಿದವರಿಗೆ ವರದಿ ಎಲ್ಲಿ ನಡೆದದ್ದೆಂದೇ ತಿಳಿಯುವುದಿಲ್ಲ.

ಕಂದಾಯ ಇಲಾಖೆಯ ಮಾತುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಪಹಣಿ, ಪೋಡಿ, ಬಗರ್‌ಹುಕುಂ, ಗೋಮಾಳ ಇವುಗಳನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ಅರ್ಧ ಸಾಲಿನ ವಿವರಣೆ ಕೊಡಿ. ಬಗರ್‌ಹುಕುಂ ಎಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದಿರುವುದು ಎಂಬಷ್ಟು ಗೊತ್ತಾಗದೆ ನಿಮ್ಮ ಭೂ ಹಗರಣದ ವರದಿ ದೆಹಲಿಯವರಿಗೆ ತಲೆಬುಡ ಇಲ್ಲದ್ದು. ಅನುವಾದದಲ್ಲಿ ವರದಿಯನ್ನು ‘ಉತ್ತಮ’ ಮಾಡಲು ಹೋಗಬೇಡಿ. ಮೂಲದಲ್ಲಿ ಇಲ್ಲದ ಸಾಲು ಅನುವಾದದಲ್ಲಿದ್ದರೆ ಅದು ವಂಚನೆಯೇ, ಕನ್ನಡ ಬಲ್ಲವರ ಬಳಿ ತೋರಿಸಿದ ಕೂಡಲೇ ಸಿಕ್ಕಿಬೀಳುತ್ತದೆ.

ಜತೆಗೆ ಬರೆಯುವ ಟಿಪ್ಪಣಿಯಲ್ಲಿ ಏನಿರಬೇಕು?

ಇದಕ್ಕೆ ಹೆಚ್ಚು ಸಮಯ ಕೊಡಿ. ಸಾಧಾರಣವಾಗಿ 300ರಿಂದ 500 ಪದಗಳ ಮಿತಿ ಇರುತ್ತದೆ. ತೀರ್ಪುಗಾರರು ಮೊದಲು ಓದುವುದು ಟಿಪ್ಪಣಿಯನ್ನು, ಆಮೇಲೆ ವರದಿಯನ್ನು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕಿನ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಂತಿರುವುದರ ವರದಿ. ಹೆಚ್ಚಿನವರು ಬರೆಯುವುದು ಹೀಗೆ: ‘ಈ ವರದಿ ಜನಮನ ಸೆಳೆದು, ಅಧಿಕಾರಿಗಳ ಕಣ್ಣು ತೆರೆಸಿ, ಸಾರ್ವಜನಿಕರಿಂದ ಅಪಾರ ಮೆಚ್ಚುಗೆ ಗಳಿಸಿತು.’ ಇದರಲ್ಲಿ ತೀರ್ಪುಗಾರರಿಗೆ ಹಿಡಿಯಲು ಏನೂ ಇಲ್ಲ. ಬದಲಿಗೆ ಹೀಗೆ ಬರೆಯಬೇಕು: ‘ತಾಲ್ಲೂಕಿನ 64 ಘಟಕಗಳ ಪಟ್ಟಿಯನ್ನು ಆರ್‌ಟಿಐ ಮೂಲಕ ಪಡೆದು 41ಕ್ಕೆ ಖುದ್ದಾಗಿ ಭೇಟಿ ಕೊಡಲಾಯಿತು. 23 ಘಟಕ ಸ್ಥಗಿತಗೊಂಡಿದ್ದವು. ಅವುಗಳಲ್ಲಿ 9ಕ್ಕೆ ನಿರ್ವಹಣಾ ಬಿಲ್ ಪಾವತಿಯಾಗಿದ್ದ ದಾಖಲೆ ಅನುಬಂಧ 2ರಲ್ಲಿದೆ. ವರದಿ ಬಂದ ಮೂರನೇ ವಾರ ಜಿಲ್ಲಾ ಪಂಚಾಯಿತಿ ತನಿಖೆಗೆ ಆದೇಶಿಸಿತು, ಪ್ರತಿ ಅನುಬಂಧ 3ರಲ್ಲಿದೆ.’ ಏನು ಹುಡುಕಿದಿರಿ, ಹೇಗೆ ಖಚಿತಪಡಿಸಿಕೊಂಡಿರಿ, ಆಮೇಲೆ ಏನಾಯಿತು, ಈ ಮೂರೇ.

ಪರಿಣಾಮವನ್ನು ಉಬ್ಬಿಸಬೇಡಿ. ಅದೇ ಸುದ್ದಿಯನ್ನು ಇತರ ಪತ್ರಿಕೆಗಳೂ ಮಾಡಿದ್ದರೆ, ನಿಮ್ಮದು ಯಾವ ದಿನ, ಅವರದು ಯಾವ ದಿನ ಎಂದು ಹೇಳಿ. ಆಯ್ಕೆ ಸಮಿತಿಗೆ ಇದು ಹೇಗೂ ಗೊತ್ತಾಗುತ್ತದೆ. ಯಾವ ಕ್ರಮವೂ ಆಗಿಲ್ಲದಿದ್ದರೆ ‘ಈವರೆಗೆ ಕ್ರಮವಾಗಿಲ್ಲ’ ಎಂದು ಬರೆಯಲು ಹೆದರಬೇಡಿ. ಸರ್ಕಾರ ಅಲುಗಾಡದ್ದು ವರದಿಯ ದೋಷವಲ್ಲ. ವರದಿಗೆ ಆಕ್ಷೇಪ ಬಂದಿದ್ದರೆ, ಸ್ಪಷ್ಟನೆ ಪ್ರಕಟವಾಗಿದ್ದರೆ, ಲಾಯರ್ ನೋಟಿಸ್ ಬಂದಿದ್ದರೆ ಅದನ್ನೂ ತಿಳಿಸಿ. ಪುಲಿಟ್ಜರ್ ಅರ್ಜಿಯಲ್ಲೂ ಆಕ್ಷೇಪ, ತಿದ್ದುಪಡಿಗಳನ್ನು ತಿಳಿಸಬೇಕಾಗುತ್ತದೆ. ಮುಚ್ಚಿಟ್ಟದ್ದು ಮತ್ತೊಬ್ಬರ ಬಾಯಿಂದ ಹೊರಬಂದರೆ ಉಳಿಗಾಲವಿಲ್ಲ.

ಸುದ್ದಿಮೂಲದವರ ಹೆಸರನ್ನು ತೀರ್ಪುಗಾರರಿಗೆ ತಿಳಿಸಬೇಕೇ?

ಬೇಡ. ನಿಮ್ಮ ಸಂಪಾದಕರಿಗೆ ಗೊತ್ತಿದ್ದರೆ ‘ಮೂಲವನ್ನು ಸಂಪಾದಕರು ದೃಢಪಡಿಸಿಕೊಂಡಿದ್ದಾರೆ’ ಎಂಬ ಸಾಲು ಸಾಕು. ದಾಖಲೆ ಲಗತ್ತಿಸುವಾಗ ಕಚೇರಿಯ ಕಡತದ ಅಂಚಿನ ಸಹಿ, ಕೈಬರಹದ ಟಿಪ್ಪಣಿ, ಇಮೇಲಿನ ತಲೆಸಾಲು ಇವು ಕೊಟ್ಟವರ ಗುರುತು ಬಿಟ್ಟುಕೊಡುತ್ತವೆ, ಅವನ್ನು ಮರೆಮಾಡಿ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಅಡಿಯ ಅಕ್ಷರ ಹಾಗೇ ಉಳಿದಿರುತ್ತದೆ. ಮುದ್ರಿಸಿ, ಮಸಿ ಬಳಿದು, ಮತ್ತೆ ಸ್ಕ್ಯಾನ್ ಮಾಡುವುದು ಕ್ಷೇಮ.

ಮಕ್ಕಳ ಮೇಲಿನ ದೌರ್ಜನ್ಯದ ವರದಿಗಳಲ್ಲಿ ಪ್ರಕಟಿಸದ ಫೋಟೊ, ಎಫ್‌ಐಆರ್ ಪ್ರತಿಗಳನ್ನು ಅನುಬಂಧವೆಂದು ಸೇರಿಸಲೇಬೇಡಿ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಗುರುತು ಬಹಿರಂಗವಾಗುವುದನ್ನು ನಿಷೇಧಿಸುತ್ತದೆ, ಅತ್ಯಾಚಾರ ಸಂತ್ರಸ್ತರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಪ್ರಶಸ್ತಿಯ ಕಡತ ಎಷ್ಟು ಕೈ ದಾಟುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ಇಬ್ಬರು ಮೂವರು ಸೇರಿ ಮಾಡಿದ ವರದಿಯಾದರೆ?

ಎಲ್ಲರ ಹೆಸರನ್ನೂ ಹಾಕಿ ಒಂದೇ ಅರ್ಜಿ. ಯಾರು ಏನು ಮಾಡಿದರು ಎಂದು ಒಂದೊಂದು ಸಾಲು ಬರೆಯಿರಿ. ಫೋಟೊಗ್ರಾಫರ್ ಮತ್ತು ತಾಲ್ಲೂಕಿನ ಅರೆಕಾಲಿಕ ವರದಿಗಾರರ ಹೆಸರು ಬಿಟ್ಟು ಬೆಂಗಳೂರಿನ ಬ್ಯೂರೊದವರು ಮಾತ್ರ ಅರ್ಜಿ ಹಾಕುವುದು ನಮ್ಮಲ್ಲಿ ನಡೆದುಬಂದ ಅನ್ಯಾಯ, ಅದು ನಿಲ್ಲಬೇಕು.

ಫೋಟೊ ವಿಭಾಗಕ್ಕೆ ಕಳಿಸುವಾಗ ಏನು ಎಚ್ಚರ?

ಮೂಲ ಕಡತ ಉಳಿಸಿಕೊಳ್ಳಿ. ಆಮ್‌ಸ್ಟರ್‌ಡ್ಯಾಮಿನ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಕೊನೆಯ ಸುತ್ತುಗಳಿಗೆ ಬಂದವರಿಂದ ಕ್ಯಾಮೆರಾದ ರಾ ಕಡತ (ಕ್ಯಾಮೆರಾ ಸೆರೆಹಿಡಿದ, ಸಂಸ್ಕರಿಸದ ರೂಪ) ಅಥವಾ ಮೂಲ ಜೆಪೆಗ್ ಕಡತ ತರಿಸಿಕೊಂಡು ಹೋಲಿಸುತ್ತದೆ. 2015ರಲ್ಲಿ ಅಂತಿಮಕ್ಕೆ ಹಿಂದಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇ 20ರಷ್ಟು ಈ ಪರಿಶೀಲನೆಯಲ್ಲೇ ಹೊರಬಿದ್ದವು. ಅದೇ ವರ್ಷ ಬೆಲ್ಜಿಯಂನ ಶಾರ್ಲರ್ವಾ ನಗರದ ಕುರಿತ ಚಿತ್ರಸರಣಿಗೆ ಕೊಟ್ಟ ಬಹುಮಾನ ವಾಪಸ್ ಹೋಯಿತು, ಅದರಲ್ಲಿದ್ದ ಒಂದು ಚಿತ್ರ ತೆಗೆದದ್ದು ಬ್ರಸೆಲ್ಸ್‌ನಲ್ಲಿ ಎಂದು ಗೊತ್ತಾದ ಮೇಲೆ. ಚಿತ್ರ ತಿದ್ದಿದ್ದರೆ ಮಾತ್ರ ಕುತ್ತು ಎಂದುಕೊಳ್ಳಬೇಡಿ, ಅಡಿಬರಹದ ಸುಳ್ಳೂ ಸಾಕು.

ಬೆಳಕು, ಬಣ್ಣವನ್ನು ಮಿತವಾಗಿ ಹೊಂದಿಸುವುದಕ್ಕೆ, ಅಂಚು ಕತ್ತರಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ವಿದ್ಯುತ್ ತಂತಿ ಅಳಿಸುವುದು, ಆಕಾಶಕ್ಕೆ ಮೋಡ ಸೇರಿಸುವುದು ನಡೆಯದು. ನಮ್ಮಲ್ಲಿ ಚಿತ್ರ ಡೆಸ್ಕಿಗೆ ಹೋಗುವುದೇ ವಾಟ್ಸ್ಆ್ಯಪ್‌ನಲ್ಲಿ. ಅಲ್ಲಿ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ, ಕ್ಯಾಮೆರಾದ ವಿವರ ಎಲ್ಲ ಅಳಿಸಿಹೋಗುತ್ತದೆ. ಮೆಮೊರಿ ಕಾರ್ಡ್ ಖಾಲಿ ಮಾಡುವ ಮುಂಚೆ ಆ ಚಿತ್ರದ ಹಿಂದಿನ ಮತ್ತು ಮುಂದಿನ ಫ್ರೇಮುಗಳನ್ನೂ ಸೇರಿಸಿ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ.

ಇದು ನಮ್ಮವರಿಗೆ ನಿಲುಕದ ಎತ್ತರ ಎಂದೇನೂ ಅಲ್ಲ. 1984ರ ಭೋಪಾಲ್ ದುರಂತದ ಚಿತ್ರಕ್ಕೆ ಪಾಬ್ಲೊ ಬಾರ್ತಲೋಮ್ಯೂ, 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ತೆಗೆದ ಚಿತ್ರಕ್ಕೆ ಆರ್ಕೊ ದತ್ತಾ ಈ ಸ್ಪರ್ಧೆಯ ವರ್ಷದ ಚಿತ್ರದ ಗೌರವ ಪಡೆದಿದ್ದಾರೆ.

ಟಿ.ವಿ., ಯೂಟ್ಯೂಬ್ ವರದಿಗಳಿಗೆ?

ಪ್ರಸಾರವಾದ ದಿನಾಂಕ, ಸಮಯಕ್ಕೆ ವಾಹಿನಿಯ ಪತ್ರ ಬೇಕು. ಅಡಿಬರಹಗಳನ್ನು (ಸಬ್‌ಟೈಟಲ್) ವಿಡಿಯೊದಲ್ಲೇ ಕೂರಿಸಿ. ಡ್ರೈವ್ ಲಿಂಕ್ ಕೊಡುವಾಗ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಬದಲಿಸಿದ್ದೀರಾ ಎಂಬುದನ್ನು ಬೇರೊಬ್ಬರ ಫೋನಿನಲ್ಲಿ ತೆರೆದು ನೋಡಿ. ತೆರೆಯಲು ಅನುಮತಿ ಕೇಳುವ ಲಿಂಕನ್ನು ಬೆನ್ನುಹತ್ತುವಷ್ಟು ಪುರುಸೊತ್ತು ಆಯ್ಕೆ ಸಮಿತಿಗೆ ಇರುವುದಿಲ್ಲ. ಅಡಿಬರಹ ಕೂರಿಸುವುದನ್ನು ಬಿಟ್ಟರೆ, ಪ್ರಸಾರವಾದ ನಂತರ ಮತ್ತೆ ಎಡಿಟ್ ಮಾಡಿದ ಆವೃತ್ತಿಯನ್ನು ಕಳಿಸಬೇಡಿ.

ಆಯ್ಕೆ ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಎರಡು ಹಂತ. ಮೊದಲು ಒಂದು ತಂಡ ಸೋಸಿ ಕಿರುಪಟ್ಟಿ ಮಾಡುತ್ತದೆ, ನಂತರ ಹಿರಿಯರ ಸಮಿತಿ ತೀರ್ಮಾನಿಸುತ್ತದೆ. ಪುಲಿಟ್ಜರ್‌ನಲ್ಲಿ ಪ್ರತಿ ವಿಭಾಗದ ತೀರ್ಪುಗಾರರು ಮೂರು ಹೆಸರು ಆರಿಸಿ ಮಂಡಳಿಗೆ ಕೊಡುತ್ತಾರೆ. ಅಂತಿಮ ಮಾತು ಮಂಡಳಿಯದು. ಯಾವುದೂ ತಕ್ಕದ್ದಲ್ಲ ಎನಿಸಿದರೆ ಆ ವರ್ಷ ಯಾರಿಗೂ ಕೊಡದೆ ಬಿಡುವ ಅಧಿಕಾರವೂ ಅದಕ್ಕಿದೆ, ಹಾಗೆ ಬಿಟ್ಟದ್ದೂ ಇದೆ. ನಮ್ಮಲ್ಲಿ ಈ ಧೈರ್ಯ ಕಡಿಮೆ. ವಿಭಾಗ ಇದೆ ಎಂದ ಮೇಲೆ ಯಾರಿಗಾದರೂ ಕೊಡಲೇಬೇಕು ಎಂಬ ಒತ್ತಡದಲ್ಲಿ ಪ್ರಶಸ್ತಿಯ ತೂಕ ಇಳಿಯುತ್ತದೆ. ತೀರ್ಪುಗಾರರ ಹೆಸರು ಮತ್ತು ಆಯ್ಕೆಯ ಕಾರಣವನ್ನು ಪ್ರಕಟಿಸುವ ಪ್ರಶಸ್ತಿಗೆ ಹೆಚ್ಚು ಬೆಲೆ ಕೊಡಿ.

ಭಾರತದಿಂದ ಪುಲಿಟ್ಜರ್‌ಗೆ ಅರ್ಜಿ ಹಾಕಬಹುದೇ?

ಕನ್ನಡ ಪತ್ರಿಕೆಯಲ್ಲಿ ಬಂದ ವರದಿಯನ್ನು ಕಳಿಸಲಾಗದು. ಪತ್ರಕರ್ತ ಯಾವ ದೇಶದವರಾದರೂ ಆಗಬಹುದು, ವರದಿ ಮಾತ್ರ ಅಮೆರಿಕದ ಸುದ್ದಿಸಂಸ್ಥೆಯಲ್ಲಿ ಪ್ರಕಟವಾಗಿರಬೇಕು. 1917ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕೊಡುತ್ತಿರುವ ಈ ಪ್ರಶಸ್ತಿಯನ್ನು 1937ರಲ್ಲೇ ಗೋವಿಂದ ಬಿಹಾರಿ ಲಾಲ್ ಹಂಚಿಕೊಂಡಿದ್ದರು. 2020ರಲ್ಲಿ ಕಾಶ್ಮೀರದ ಚಿತ್ರಗಳಿಗಾಗಿ ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ಮೂವರು ಛಾಯಾಗ್ರಾಹಕರಿಗೆ ಬಂತು. ರಾಯಿಟರ್ಸ್‌ನ ಡ್ಯಾನಿಶ್ ಸಿದ್ದಿಕಿ 2018ರ ರೋಹಿಂಗ್ಯಾ ಚಿತ್ರಗಳ ತಂಡದಲ್ಲಿದ್ದರು. 2021ರಲ್ಲಿ ಅಫ್ಗಾನಿಸ್ತಾನದಲ್ಲಿ ಹತರಾದರು. ಮರುವರ್ಷ ಕೋವಿಡ್ ಕಾಲದ ಭಾರತದ ಚಿತ್ರಗಳಿಗಾಗಿ ರಾಯಿಟರ್ಸ್ ತಂಡಕ್ಕೆ ಬಂದ ಪುಲಿಟ್ಜರ್‌ನಲ್ಲಿ ಅವರ ಹೆಸರೂ ಇತ್ತು.

ಏಷ್ಯಾದ ಮಟ್ಟದಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿಗೆ ಬೇರೆಯವರು ಹೆಸರು ಸೂಚಿಸಬೇಕು. ಬಿ.ಜಿ. ವರ್ಗೀಸ್ (1975), ಅರುಣ್ ಶೌರಿ (1982), ಪಿ. ಸಾಯಿನಾಥ್ (2007), ರವೀಶ್ ಕುಮಾರ್ (2019) ಪಡೆದ ಪತ್ರಕರ್ತರು. ಹಿಂದೆ ಇದರಲ್ಲಿ ಪತ್ರಿಕೋದ್ಯಮ, ಸಾಹಿತ್ಯ, ಸೃಜನಶೀಲ ಸಂವಹನ ಕಲೆಗಳಿಗೆ ಒಂದೇ ವಿಭಾಗವಿತ್ತು. ಮೈಸೂರಿನ ಆರ್.ಕೆ. ಲಕ್ಷ್ಮಣ್ (1984), ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ (1991) ಅವರಿಗೆ ಬಂದದ್ದು ಆ ವಿಭಾಗದಲ್ಲೇ. ಗೌರಿ ಲಂಕೇಶ್ ಅವರಿಗೆ 2017ರಲ್ಲಿ ಮರಣೋತ್ತರವಾಗಿ ಅನ್ನಾ ಪೊಲಿಟ್ಕೊವ್‌ಸ್ಕಾಯಾ ಪ್ರಶಸ್ತಿ ಸಂದಿತು. ರಷ್ಯಾದ ಆ ಪತ್ರಕರ್ತೆಯನ್ನೂ ಗೌರಿಯವರಂತೆಯೇ ಗುಂಡಿಕ್ಕಿ ಕೊಂದಿದ್ದರು, ಅವರು ವಾಸವಿದ್ದ ಅಪಾರ್ಟ್‌ಮೆಂಟ್ ಕಟ್ಟಡದ ಲಿಫ್ಟಿನಲ್ಲಿ.

ಕೊಟ್ಟ ಪ್ರಶಸ್ತಿಯನ್ನು ವಾಪಸ್ ಪಡೆಯುತ್ತಾರೆಯೇ?

ಪಡೆಯುತ್ತಾರೆ. ವಾಷಿಂಗ್ಟನ್ ಪೋಸ್ಟ್‌ನ ಜಾನೆಟ್ ಕುಕ್ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ 1980ರಲ್ಲಿ ಬರೆದರು, 1981ರಲ್ಲಿ ಪುಲಿಟ್ಜರ್ ಬಂತು. ಅಂಥ ಹುಡುಗನೇ ಇರಲಿಲ್ಲ. ಸುಳ್ಳು ಹೊರಬಿದ್ದ ದಾರಿ ನೋಡಿ: ಪ್ರಶಸ್ತಿ ಬಂದ ಮೇಲೆ ಪ್ರಕಟವಾದ ಅವರ ಪರಿಚಯದಲ್ಲಿ ಓದಿನ ವಿವರಗಳು ತಾಳೆಯಾಗಲಿಲ್ಲ. ಅಲ್ಲಿಂದ ಎಳೆ ಹಿಡಿದು ಹೋದರೆ ಇಡೀ ವರದಿ ಕಟ್ಟುಕತೆ. ಪ್ರಶಸ್ತಿ ಹಿಂದಿರುಗಿಸಿ ರಾಜೀನಾಮೆ ಕೊಟ್ಟರು.

ಜರ್ಮನಿಯ ಡೆರ್ ಸ್ಪೀಗೆಲ್ ವಾರಪತ್ರಿಕೆಯ ಕ್ಲಾಸ್ ರೆಲೋಟಿಯಸ್ ಪ್ರಕರಣ ಇನ್ನೂ ಕಣ್ತೆರೆಸುವಂಥದ್ದು. ಪ್ರಶಸ್ತಿಗಳ ಸುರಿಮಳೆಯೇ ಇದ್ದ ವರದಿಗಾರ. ಜತೆಯಲ್ಲಿ ಕೆಲಸ ಮಾಡಿದ ಹುವಾನ್ ಮೊರೆನೊ ಎಂಬ ಸಹೋದ್ಯೋಗಿ ಸ್ವಂತ ಖರ್ಚಿನಲ್ಲಿ ಹೋಗಿ ಪರಿಶೀಲಿಸಿದ್ದರಿಂದ 2018ರ ಡಿಸೆಂಬರ್‌ನಲ್ಲಿ ಬಣ್ಣ ಬಯಲಾಯಿತು. ನ್ಯೂಯಾರ್ಕ್ ಟೈಮ್ಸ್ ಕೂಡ 2020ರಲ್ಲಿ ತನ್ನ ‘ಕ್ಯಾಲಿಫೇಟ್’ ಪಾಡ್‌ಕಾಸ್ಟ್‌ನ ಮುಖ್ಯ ವ್ಯಕ್ತಿಯ ಮಾತು ನಂಬಲರ್ಹವಲ್ಲವೆಂದು ಒಪ್ಪಿ, ಅದಕ್ಕೆ ಬಂದಿದ್ದ ಅಮೆರಿಕದ ಪೀಬಡಿ ಪ್ರಸಾರ ಮಾಧ್ಯಮ ಪ್ರಶಸ್ತಿಯನ್ನು ಹಿಂದಿರುಗಿಸಿತು. ಈ ಪ್ರಕರಣಗಳಿಂದ ಒಂದು ಕೆಲಸದ ಪಾಠ ಇದೆ. ಟಿಪ್ಪಣಿ ಪುಸ್ತಕ, ಧ್ವನಿಮುದ್ರಣ, ಸಂದರ್ಶಿಸಿದವರ ಫೋನ್ ನಂಬರು, ಹೋಗಿಬಂದ ದಿನಗಳ ಗುರುತು ಇವನ್ನು ಪ್ರಶಸ್ತಿ ಬಂದ ಮೇಲೂ ಇಟ್ಟುಕೊಂಡಿರಬೇಕು. ಕೇಳಿದಾಗ ತೋರಿಸಲು ನಿಮ್ಮ ಬಳಿ ಇರುವುದು ಅವೇ.

ದುಡ್ಡು ಕಟ್ಟಿದರೆ ಪ್ರಶಸ್ತಿ ಕೊಡುತ್ತೇವೆ ಎಂದು ಫೋನ್ ಬರುತ್ತದೆ. ಹೋಗಬಹುದೇ?

ಬೇಡ. ಪರಿಶೀಲನೆಯ ಸಣ್ಣ ಶುಲ್ಕ ಬೇರೆ, ಪುಲಿಟ್ಜರ್‌ನಲ್ಲೂ ಅದು ಇದೆ. ಆದರೆ ಆಯ್ಕೆಯಾಗಿದ್ದೀರಿ ಎಂದು ಮೊದಲು ಹೇಳಿ, ಆಮೇಲೆ ನೋಂದಣಿ, ಶಾಲು, ಫಲಕ, ಊಟ, ಸ್ಮರಣ ಸಂಚಿಕೆಯ ಜಾಹೀರಾತು ಎಂದು ಹಣ ಕೇಳಿದರೆ ಅದು ವ್ಯಾಪಾರ. ನೀವು ಕಳಿಸದ ವರದಿಗೆ ಪ್ರಶಸ್ತಿ ಬಂದಿದೆ ಎಂದರೆ ‘ಯಾವ ವರದಿ, ಯಾವ ದಿನದ್ದು’ ಎಂದು ಕೇಳಿ. ಉತ್ತರ ಬರುವುದಿಲ್ಲ. ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಇದ್ದ ಮಾತ್ರಕ್ಕೆ ಮರುಳಾಗಬೇಡಿ.

ನಾನು ವರದಿ ಮಾಡುವ ಇಲಾಖೆಯೋ ಕಂಪನಿಯೋ ಪ್ರಶಸ್ತಿ ಕೊಟ್ಟರೆ?

ಒಂದೇ ಅಳತೆ ಇಟ್ಟುಕೊಳ್ಳಿ: ನಾಳೆ ಅವರ ವಿರುದ್ಧ ವರದಿ ಬರೆಯಬೇಕಾಗಿ ಬಂದರೆ ಕೈ ಹಿಂಜರಿಯುತ್ತದೆಯೇ? ಗಣಿ ಕಂಪನಿಯ ‘ಅಭಿವೃದ್ಧಿ ಪತ್ರಿಕೋದ್ಯಮ’ ಪ್ರಶಸ್ತಿಯನ್ನು ಗಣಿಗಾರಿಕೆಯ ವರದಿಗಾರ ತೆಗೆದುಕೊಂಡರೆ ಓದುಗ ಆತನ ಮುಂದಿನ ಸಾಲನ್ನು ನಂಬುವುದಿಲ್ಲ. ಸರ್ಕಾರದ ಪ್ರಶಸ್ತಿಗಳ ವಿಷಯದಲ್ಲಿ ಆಯ್ಕೆ ಸಮಿತಿಯಲ್ಲಿ ಪತ್ರಕರ್ತರು, ಸ್ವತಂತ್ರ ವ್ಯಕ್ತಿಗಳು ಇದ್ದಾರೆಯೇ ನೋಡಿ. ಒಪ್ಪಿಕೊಳ್ಳುವ ಮುಂಚೆ ಸಂಪಾದಕರಿಗೆ ಬರಹದಲ್ಲಿ ತಿಳಿಸಿ.

ಬಹುಮಾನದ ಹಣಕ್ಕೆ ತೆರಿಗೆ ಇದೆಯೇ? ವಿದೇಶದಿಂದ ಬಂದರೆ?

ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 10(17ಎ) ಸೆಕ್ಷನ್ ಪ್ರಕಾರ ಸಾರ್ವಜನಿಕ ಹಿತಕ್ಕಾಗಿ ಕೇಂದ್ರ ಅಥವಾ ರಾಜ್ಯ ಸರ್ಕಾರ ಸ್ಥಾಪಿಸಿದ ಪ್ರಶಸ್ತಿ, ಇಲ್ಲವೇ ಕೇಂದ್ರ ಸರ್ಕಾರ ಅನುಮೋದಿಸಿದ ಸಂಸ್ಥೆಯ ಪ್ರಶಸ್ತಿಗೆ ವಿನಾಯಿತಿ ಇದೆ. ಖಾಸಗಿ ಸಂಸ್ಥೆಯ ನಗದು ಅನುಮೋದನೆ ಇಲ್ಲದಿದ್ದರೆ ನಿಮ್ಮ ಆದಾಯಕ್ಕೆ ಸೇರುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ರಿಟರ್ನ್ ತುಂಬುವಾಗ ಆಡಿಟರಿಗೆ ಪ್ರಶಸ್ತಿ ಪತ್ರವನ್ನೇ ತೋರಿಸಿ.

ವಿದೇಶಿ ಹಣದ ವಿಷಯ ಇದಕ್ಕಿಂತ ಸೂಕ್ಷ್ಮ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಸೆಕ್ಷನ್ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ, ಪ್ರಕಾಶಕರು ವಿದೇಶಿ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಸಂಬಳ, ಸಂಭಾವನೆ, ವಿದ್ಯಾರ್ಥಿವೇತನದಂಥವಕ್ಕೆ 4ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಹೊರದೇಶದ ಸಂಸ್ಥೆ ನಗದು ಬಹುಮಾನ ಘೋಷಿಸಿದರೆ ಹಣ ಬ್ಯಾಂಕ್ ಖಾತೆಗೆ ಬೀಳುವ ಮುಂಚೆಯೇ ಕಾನೂನು ಸಲಹೆ ಪಡೆಯಿರಿ. ಬಂದ ಮೇಲೆ ವಿವರಣೆ ಕೊಡುವುದು ಕಷ್ಟ. ಫಲಕ ಮತ್ತು ಪ್ರಶಸ್ತಿ ಪತ್ರ ಮಾತ್ರ ಸ್ವೀಕರಿಸುತ್ತೇನೆ ಎಂದು ಮೊದಲೇ ತಿಳಿಸುವ ದಾರಿಯೂ ಇದೆ.

ಪರಿಚಯಪತ್ರದಲ್ಲಿ ‘ನಾಮನಿರ್ದೇಶಿತ’ ಎಂದು ಹಾಕಿಕೊಳ್ಳಬಹುದೇ?

ಅರ್ಜಿ ಕಳಿಸಿದ್ದಷ್ಟೇ ಆಗಿದ್ದರೆ ಹಾಕಿಕೊಳ್ಳಬಾರದು. ಪುಲಿಟ್ಜರ್ ಸಂಸ್ಥೆ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ತೀರ್ಪುಗಾರರು ಆರಿಸಿ ಮಂಡಳಿಗೆ ಕೊಟ್ಟವರಷ್ಟೇ ಅಂತಿಮ ಸ್ಪರ್ಧಿಗಳು, ಉಳಿದವರು ಅರ್ಜಿದಾರರು. ನಮ್ಮ ಪ್ರಶಸ್ತಿಗಳಿಗೂ ಅದೇ ಅನ್ವಯ. ಅಧಿಕೃತ ಕಿರುಪಟ್ಟಿ ಪ್ರಕಟವಾಗಿ ಅದರಲ್ಲಿ ಹೆಸರಿದ್ದರೆ ‘ಅಂತಿಮ ಸುತ್ತಿಗೆ ಆಯ್ಕೆ’ ಎಂದು ವರ್ಷ, ವಿಭಾಗ ಸಹಿತ ಬರೆಯಿರಿ. ಪ್ರಶಸ್ತಿ ಬಂದಿದ್ದರೆ ಕೊಟ್ಟ ಸಂಸ್ಥೆ, ವರ್ಷ, ವಿಭಾಗ, ಯಾವ ವರದಿಗೆ ಎಂಬ ನಾಲ್ಕೂ ವಿವರ ಒಂದೇ ಸಾಲಿನಲ್ಲಿರಲಿ. ತಂಡಕ್ಕೆ ಬಂದದ್ದಾಗಿದ್ದರೆ ‘ತಂಡದ ಸದಸ್ಯ’ ಎಂದೇ ಬರೆಯಬೇಕು.